ನಾಕಾಣೆ ವ್ಯತ್ಯಾಸ

ಅಪ್ಪನ ಲೆಕ್ಕ ತಾಳೆಯಾಗದ ದಿನ ನಮ್ಮ ಮನೆಯಲ್ಲಿ ರಾತ್ರಿಯ ಊಟ ತಡವಾಗುತ್ತಿತ್ತು. ಅವರು ಊರಿನ ಸಹಕಾರ ಸಂಘದಲ್ಲಿ ಗುಮಾಸ್ತರು. ಕಿರ್ದಿಯ ಶಿಲ್ಕೂ ಪೆಟ್ಟಿಗೆಯ ನಗದೂ ಒಂದೇ ಆದ ಸಂಜೆ ಆರಕ್ಕೆಲ್ಲ ಸೈಕಲ್ಲಿನ ಬೆಲ್ಲು ಕೇಳಿಸುತ್ತಿತ್ತು. ಏಳಾಗಿ ಎಂಟಾದರೂ ಕೇಳಿಸದಿದ್ದರೆ ಅಮ್ಮ ಸಾರನ್ನು ಎರಡನೆಯ ಸಲ ಬಿಸಿಗಿಟ್ಟು, "ಇವತ್ತು ಎಷ್ಟು ಹೆಚ್ಚುಕಮ್ಮಿಯೋ" ಎಂದು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಗಂಡ ತಡವಾಗಿ ಬಂದರೆ ಬೀದಿಯ ಉಳಿದ ಹೆಂಗಸರಿಗೆ ಇಸ್ಪೀಟು, ಹೆಂಡ ಮುಂತಾದ ನಾನಾ ಅನುಮಾನಗಳು ಹುಟ್ಟುತ್ತಿದ್ದವು. ಅಮ್ಮನಿಗೆ ಹುಟ್ಟುತ್ತಿದ್ದುದು ಪೈಸೆಯ ಅನುಮಾನ ಮಾತ್ರ.

ಒಂದು ರಾತ್ರಿ ಒಂಬತ್ತಾದರೂ ಸುಳಿವಿಲ್ಲ. ಟಿಫಿನ್ ಕ್ಯಾರಿಯರ್ ಹಿಡಿದು ಹೊರಟ ಅಮ್ಮನ ಸೆರಗು ಹಿಡಿದು ನಾನೂ ಹೋದೆ. ಕರೆಂಟು ಹೋಗಿತ್ತು. ಲಾಟೀನಿನ ಮುಂದೆ ಕೂತ ಅಪ್ಪ ತುಟಿಯಾಡಿಸುತ್ತ, ಅಂಕಿಗಳ ಸಾಲನ್ನು ಕೆಳಗಿನಿಂದ ಮೇಲಕ್ಕೆ ಕೂಡುತ್ತಿದ್ದರು. ಬಂದ ದಾರಿಯಲ್ಲೇ ಮತ್ತೆ ಹೋದರೆ ಮನಸ್ಸು ಎಡವಿದಲ್ಲೇ ಎಡವುತ್ತದೆ, ಆದ್ದರಿಂದ ದಾರಿ ಬದಲಿಸಬೇಕು ಎಂಬುದು ಅವರ ಸಿದ್ಧಾಂತ. ನನ್ನನ್ನು ಕಂಡದ್ದೇ ಊಟ ಮರೆತು ಪಾಠ ಶುರು ಮಾಡಿದರು. "ವ್ಯತ್ಯಾಸ ಬಂತು ಅನ್ನು. ಮೊದಲು ಅದನ್ನ ಒಂಬತ್ತರಿಂದ ಭಾಗಿಸು. ಶೇಷ ಉಳೀದೆ ಹೋಯ್ತೋ, ಯಾವುದೋ ಎರಡು ಅಂಕಿ ಜಾಗ ಅದಲುಬದಲಾಗಿದೆ. ನಲವತ್ತೈದು ಬರೆಯೋ ಕಡೆ ಐವತ್ನಾಕು." ಆದರೆ ಅಂದಿನ ವ್ಯತ್ಯಾಸ ಐದು ಪೈಸೆ. ಒಂಬತ್ತಕ್ಕೂ ಅದಕ್ಕೂ ಬಾದರಾಯಣ ಸಂಬಂಧವೂ ಇರಲಿಲ್ಲ.

"ಏನೂಂದ್ರೆ, ನಿಮ್ಮ ಜೇಬಿಂದಲೇ ಐದು ಪೈಸೆ ಹಾಕಿ ಬೀಗ ಜಡೀಬಾರದಾ?" ಎಂದಳು ಅಮ್ಮ.

ಅಪ್ಪ ತಲೆಯೆತ್ತಲಿಲ್ಲ. "ಹಾಕಬಹುದು. ಹಾಕಿದ್ರೆ ಲೆಕ್ಕ ಸರಿಹೋಗಲ್ಲ ಕಣೆ, ಬಾಯಿ ಮುಚ್ಕೊಳ್ಳುತ್ತೆ, ಅಷ್ಟೆ."

ಮರುದಿನ ಬೆಳಗಿನ ಬಿಸಿಲಿನಲ್ಲಿ ನೋಡಿದಾಗ ಯಾರದೋ ರಸೀತಿಯಲ್ಲಿದ್ದ ಎರಡನ್ನು ಏಳೆಂದು ಓದಿದ್ದು ಗೊತ್ತಾಯಿತಂತೆ. ಆ ಸಂಜೆ ಅಪ್ಪ ಜಿಲೇಬಿ ತಂದಿದ್ದರು. ಐದು ಪೈಸೆ ಸಿಕ್ಕಿದ ಸಂತೋಷಕ್ಕೆ ಎರಡು ರೂಪಾಯಿ ಖರ್ಚು.

ನಮ್ಮ ಅಜ್ಜಿಗೆ ಪುಸ್ತಕದ ಹಂಗೇ ಇರಲಿಲ್ಲ. ಅವಳ ಗಣಿತವೆಲ್ಲ ಉಗ್ರಾಣದ ಗೂಡಿನಲ್ಲಿ ಒಂದರೊಳಗೊಂದು ಕೂತಿರುತ್ತಿತ್ತು: ಸೇರು, ಅದರೊಳಗೆ ಅಚ್ಚೇರು, ಅದರೊಳಗೆ ಪಾವು, ಅರೆಪಾವು, ಎಲ್ಲಕ್ಕಿಂತ ಒಳಗೆ ಕಂಕುಳ ಕೂಸಿನಂತೆ ಚಟಾಕು. ಪ್ರತಿಯೊಂದೂ ತನ್ನ ತಾಯಿಯ ಅರ್ಧ. ದುಡ್ಡೂ ಹಾಗೆಯೇ. ರೂಪಾಯಿಯ ಅರ್ಧ ಎಂಟಾಣೆ, ಅದರರ್ಧ ನಾಕಾಣೆ, ಅದರರ್ಧ ಎರಡಾಣೆ, ಅದರರ್ಧ ಆಣೆ. ಶಾಲೆಯ ಮೆಟ್ಟಿಲು ಹತ್ತದವಳು ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳನ್ನು ರಾಗವಾಗಿ ಹೇಳುತ್ತಿದ್ದಳು. ಹದಿನಾರರಲ್ಲೊಂದು ಪಾಲಿಗೆ ವೀಸವೆಂಬ ಹೆಸರಿತ್ತು, ಆ ಹೆಸರಿಗೆ ಅವಳ ಬಾಯಲ್ಲಿ ಮರ್ಯಾದೆಯಿತ್ತು. ಹತ್ತರಲ್ಲೊಂದು ಪಾಲೆಂದರೆ ಮಾತ್ರ ಅವಳಿಗೆ ಅರ್ಥವಾಗುತ್ತಿರಲಿಲ್ಲ. ರೊಟ್ಟಿಯನ್ನು ಮಡಚಿ ಮುರಿದರೆ ಎರಡಾಗುತ್ತದೆ, ಮತ್ತೆ ಮಡಚಿದರೆ ನಾಲ್ಕು, ಎಂಟು. ಹತ್ತು ಸಮಪಾಲು ಮಾಡುವುದು ಹೇಗೆ? ಯಾರ ಮನೆಯಲ್ಲಿ ಹಾಗೆ ರೊಟ್ಟಿ ಮುರಿಯುತ್ತಾರೆ?

ಸರ್ಕಾರ ಹಾಗೆ ಮುರಿಯಿತು. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದು, ರೂಪಾಯಿ ಹದಿನಾರಾಣೆಯ ಬದಲು ನೂರು ಚೂರಾಯಿತು. (ಇಡೀ ವರ್ಷದಲ್ಲಿ ಆ ದಿನವನ್ನೇ ಆರಿಸಿಕೊಂಡವರ ಹಾಸ್ಯಪ್ರಜ್ಞೆಗೆ ನಮಸ್ಕಾರ.) ಒಂದಾಣೆಗೆ ಆರೂಕಾಲು ಪೈಸೆ. ಆದರೆ ಕಾಲು ಪೈಸೆಯ ನಾಣ್ಯವನ್ನು ಯಾವ ಟಂಕಸಾಲೆಯೂ ಹೊಡೆಯಲಿಲ್ಲ, ಆದ್ದರಿಂದ ಒಂದಾಣೆಗೆ ಆರೇ ಪೈಸೆ. ಅಜ್ಜಿ ಇದನ್ನು ಮೊದಲ ವಾರದಲ್ಲೇ ಕಂಡುಹಿಡಿದಳಂತೆ: ನಾಕಾಣೆಯನ್ನು ಒಟ್ಟಿಗೆ ಕೊಟ್ಟರೆ ಇಪ್ಪತ್ತೈದು, ಒಂದೊಂದೇ ಆಣೆಯಾಗಿ ಕೊಟ್ಟರೆ ಇಪ್ಪತ್ನಾಲ್ಕು. "ಆ ಒಂದು ಪೈಸೆ ಯಾರ ಹೊಟ್ಟೆಗೆ ಹೋಯ್ತು?" ಎಂದು ನಾನು ಹುಟ್ಟಿ ದೊಡ್ಡವನಾದ ಮೇಲೂ ಕೇಳುತ್ತಿದ್ದಳು. ಎರಡಾಣೆಯ ಸೊಪ್ಪಿನದು ಇನ್ನೂ ಕಷ್ಟ. ಹನ್ನೆರಡೂವರೆ ಪೈಸೆ, ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಸೊಪ್ಪಿನವಳ ಜೊತೆ ಅವಳದೊಂದು ಒಪ್ಪಂದವಿತ್ತು. "ಹೋದ ಸಲ ಅರ್ಧ ಪೈಸೆ ನೀನು ತಿಂದೆ, ಈ ಸಲ ನಂದು." ಒಂದು ದಿನ ಹದಿಮೂರು, ಒಂದು ದಿನ ಹನ್ನೆರಡು. ಎಷ್ಟೋ ವರ್ಷಗಳ ಮೇಲೆ, ಕಂಪ್ಯೂಟರಿನ ಅಂಕಗಣಿತಕ್ಕೆ 1985ರಲ್ಲಿ ಗೊತ್ತುಮಾಡಿದ ಐಇಇಇ 754 ಎಂಬ ನಿಯಮಾವಳಿಯನ್ನು ಓದುವಾಗ ಸೊಪ್ಪಿನವಳು ನೆನಪಾದಳು. ಸರಿಯಾಗಿ ನಡುವೆ ಸಿಕ್ಕಿಬಿದ್ದ ಸಂಖ್ಯೆಯನ್ನು ಯಾವಾಗಲೂ ಮೇಲಕ್ಕೇ ತಳ್ಳಬಾರದು, ಸಮಸಂಖ್ಯೆಯ ಕಡೆಗೆ ಕಳಿಸಬೇಕು ಎನ್ನುತ್ತದೆ ಆ ನಿಯಮ. ಎರಡೂವರೆ ಎರಡಾಗಬೇಕು, ಮೂರೂವರೆ ನಾಲ್ಕಾಗಬೇಕು. ಒಂದು ಸಲ ನಿನಗೆ, ಒಂದು ಸಲ ನನಗೆ.

ನಾನು ಪಟ್ಟಣದಲ್ಲಿ ಕಂಪ್ಯೂಟರ್ ಕಲಿತು ಬರುವಷ್ಟರಲ್ಲಿ ಅಜ್ಜಿ ಇರಲಿಲ್ಲ. ಅಪ್ಪನಿಗೆ ನಿವೃತ್ತಿ ಹತ್ತಿರವಾಗಿತ್ತು. ಸಂಘಕ್ಕೂ ಒಂದು ಕಂಪ್ಯೂಟರ್ ಬಂತು. ಅದಕ್ಕೆ ಕುಂಕುಮವಿಟ್ಟು, ಹೂವಿನ ಹಾರ ಹಾಕಿ, ಮೇಲೆ ಕಸೂತಿಯ ಬಟ್ಟೆ ಹೊದಿಸಿದ್ದರು. ಠೇವಣಿ ಲೆಕ್ಕಕ್ಕೊಂದು ಪ್ರೋಗ್ರಾಂ ಬರೆದುಕೊಡು ಎಂದು ಆಡಳಿತ ಮಂಡಳಿಯವರು ನನ್ನನ್ನೇ ಕೇಳಿದರು. ಗುಮಾಸ್ತರ ಮಗನೆಂದರೆ ದುಡ್ಡು ಕೊಡಬೇಕಾಗಿಲ್ಲವೆಂಬ ಲೆಕ್ಕಾಚಾರದಲ್ಲಿ ಅವರು ಯಾವ ತಪ್ಪೂ ಮಾಡಿರಲಿಲ್ಲ.

ಒಂದು ಭಾನುವಾರ ಅಪ್ಪನಿಗೆ ಯಂತ್ರದ ಮಹಿಮೆ ತೋರಿಸಲೆಂದು ಪುಟ್ಟ ಪ್ರೋಗ್ರಾಂ ಒಂದನ್ನು ಬರೆದೆ. ಹುಂಡಿಗೆ ಹತ್ತು ಪೈಸೆ ಹಾಕು, ಮತ್ತೆ ಹತ್ತು ಪೈಸೆ ಹಾಕು, ಒಂದು ರೂಪಾಯಿ ಆದ ಕೂಡಲೇ ನಿಲ್ಲಿಸಿ ಬೆಲ್ ಹೊಡಿ. ಹತ್ತು ಸಲ ಹಾಕಿದರೆ ನಿಲ್ಲಬೇಕು ತಾನೆ? ಪರದೆಯ ಮೇಲೆ 0.900000 ಬಂತು, 1.000000 ಬಂತು. ಬೆಲ್ ಹೊಡೆಯಲಿಲ್ಲ. 1.100000 ಬಂತು. ಹತ್ತು ದಾಟಿತು, ನೂರು ದಾಟಿತು. ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನಿಲ್ಲಿಸೋ ಮಾರಾಯ, ಸಾವಿರ ದಾಟ್ತು. ಸಂಘ ದಿವಾಳಿಯಾಗುತ್ತೆ."

ಒಂದು ರೂಪಾಯಿ ಆಯಿತೆಂದು ತೆರೆಯ ಮೇಲೆ ಬರೆದು ತೋರಿಸುತ್ತಿದ್ದ ಯಂತ್ರ, ಆಗಿದೆಯೇ ಎಂದು ಕೇಳಿದರೆ ಇಲ್ಲ ಎನ್ನುತ್ತಿತ್ತು. ಆರೇ ಸ್ಥಾನ ತೋರಿಸುವುದನ್ನು ಬಿಟ್ಟು ಹದಿನೇಳು ಸ್ಥಾನ ತೋರಿಸು ಎಂದು ಕೇಳಿದ ಮೇಲೆ ನಿಜ ಬಾಯಿಬಿಟ್ಟಿತು: 0.99999999999999989. ಅಪ್ಪನ ಮುಖದಲ್ಲಿ ನಗು ಮೂಡಲಿಲ್ಲ. ಪೆನ್ಸಿಲ್ ತೆಗೆದು ಆ ಅಂಕಿಗಳನ್ನೆಲ್ಲ ಒಂದು ಹಳೆಯ ರಸೀತಿಯ ಬೆನ್ನಿಗೆ ಬರೆದುಕೊಂಡು, "ಕಮ್ಮಿ ಬಿದ್ದಿದ್ದು ಎಲ್ಲಿ?" ಎಂದರು.

ಎಲ್ಲಿ ಎಂಬುದು ನನಗೂ ಆಗ ಪೂರ್ತಿ ತಿಳಿದಿರಲಿಲ್ಲ. ತಿಳಿದ ದಿನ ಅಜ್ಜಿ ಬದುಕಿರಬೇಕಿತ್ತು ಅನ್ನಿಸಿತು. ಕಂಪ್ಯೂಟರಿನ ಬಳಿ ಇರುವುದು ಅಜ್ಜಿಯ ಉಗ್ರಾಣ. ಸೇರು, ಅಚ್ಚೇರು, ಪಾವು, ಅರೆಪಾವು, ಚಟಾಕು, ಅದರರ್ಧ, ಅದರರ್ಧದರ್ಧ. ಪ್ರತಿ ಅಳತೆಯೂ ಮೇಲಿನದರ ಅರ್ಧ, ಪ್ರತಿಯೊಂದೂ ಒಂದೊಂದೇ ಇದೆ. ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಈ ಪಾತ್ರೆಗಳಲ್ಲೇ ಸೇರಿನ ಹತ್ತನೇ ಒಂದು ಪಾಲು ಅಕ್ಕಿ ಅಳೆದುಕೊಡು ಎಂದರೆ ಏನು ಮಾಡಬೇಕು? ಪಾವು ಹೆಚ್ಚಾಯಿತು, ಅರೆಪಾವೂ ಹೆಚ್ಚಾಯಿತು. ಒಂದು ಚಟಾಕು ಹಾಕು, ಅರೆ ಚಟಾಕು ಹಾಕು. ಇನ್ನೂ ಸಾಲದು. ಮುಂದಿನ ಎರಡು ಅಳತೆ ಹೆಚ್ಚಾಗುತ್ತವೆ, ಬಿಡು. ಅದರ ಮುಂದಿನೆರಡು ಹಾಕು. ಮತ್ತೆರಡು ಬಿಡು, ಮತ್ತೆರಡು ಹಾಕು. ಕೋಲಾಟದ ಹೆಜ್ಜೆಯಂತೆ ಎರಡು ಹಾಕಿ ಎರಡು ಬಿಡುತ್ತ ಹೋದರೆ ಆಟ ಮುಗಿಯುವುದೇ ಇಲ್ಲ. ಕಾಳು ನುಚ್ಚಾಗಿ, ನುಚ್ಚು ಹಿಟ್ಟಾಗಿ, ಹಿಟ್ಟು ಗಾಳಿಗೆ ಹಾರಿದರೂ ಹತ್ತನೇ ಒಂದು ಪಾಲು ಆಗುವುದಿಲ್ಲ. ನಾವು ಮೂರನೇ ಒಂದು ಪಾಲನ್ನು 0.333 ಎಂದು ಬರೆಯುತ್ತ ಹೋಗಿ ಕೈಸೋತು ನಿಲ್ಲಿಸುವ ಹಾಗೆ, ಕಂಪ್ಯೂಟರೂ ಐವತ್ತಮೂರು ಸ್ಥಾನಗಳ ನಂತರ ಸಾಕೆನ್ನುತ್ತದೆ. ಅಷ್ಟು ಹೊತ್ತಿಗೆ ಅದರ ಹತ್ತು ಪೈಸೆ ನಿಜವಾದ ಹತ್ತು ಪೈಸೆಗಿಂತ ಕೂದಲೆಳೆಯಷ್ಟು ಹೆಚ್ಚಿರುತ್ತದೆ: 0.1000000000000000055 ಮತ್ತು ಇನ್ನಷ್ಟು ಅಂಕಿ. ತಮಾಷೆ ಏನೆಂದರೆ, ಒಂದೊಂದೂ ತುಸು ಹೆಚ್ಚಿರುವ ಹತ್ತನ್ನು ಸೇರಿಸಿದರೆ ಮೊತ್ತ ತುಸು ಕಡಿಮೆ ಬೀಳುತ್ತದೆ. ಪ್ರತಿ ಸಲ ಕೂಡಿದಾಗಲೂ ಹೊರಚಾಚಿದ್ದನ್ನು ಒತ್ತಿ ಒಳಗೆ ಕೂರಿಸಬೇಕಲ್ಲ, ಆ ಒತ್ತಾಟದಲ್ಲಿ ಆದ ಹಾನಿ ಅದು. ಅವಿಭಕ್ತ ಕುಟುಂಬದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹತ್ತು ಪೈಸೆಗೆ ಇಪ್ಪತ್ತು ಪೈಸೆ ಕೂಡಿಸು ಎಂದರೆ ಇವತ್ತಿಗೂ ಒಳ್ಳೊಳ್ಳೆಯ ಕಂಪ್ಯೂಟರುಗಳು 0.30000000000000004 ಎನ್ನುತ್ತವೆ. ಅಂಚು ಸುಕ್ಕುಸುಕ್ಕಾದ ಆ ಅಲ್ಯೂಮಿನಿಯಮ್ಮಿನ ಹತ್ತು ಪೈಸೆ, ಆರು ಮೂಲೆಯ ಇಪ್ಪತ್ತು ಪೈಸೆ ಎರಡನ್ನೂ ಅಂಗೈಯಲ್ಲಿಟ್ಟು ಮೂವತ್ತೆಂದು ಹೇಳಲು ನಮ್ಮೂರಿನ ಪೆಟ್ಟಿಗೆ ಅಂಗಡಿಯ ಹುಡುಗನಿಗೆ ಕಷ್ಟವಾಗುತ್ತಿರಲಿಲ್ಲ.

ನಾನೊಮ್ಮೆ ಕೂತು ಲೆಕ್ಕ ಹಾಕಿದೆ. ಒಂದು ಪೈಸೆಯಿಂದ ತೊಂಬತ್ತೊಂಬತ್ತು ಪೈಸೆಯವರೆಗೆ, ರೂಪಾಯಿಯ ಚೂರಾಗಿ ಬರೆದರೆ ಕಂಪ್ಯೂಟರಿಗೆ ಚೊಕ್ಕವಾಗಿ ದಕ್ಕುವ ಮೊತ್ತಗಳು ಎಷ್ಟು? ಮೂರೇ ಮೂರು. ಇಪ್ಪತ್ತೈದು, ಐವತ್ತು, ಎಪ್ಪತ್ತೈದು. ನಾಕಾಣೆ, ಎಂಟಾಣೆ, ಹನ್ನೆರಡಾಣೆ. ಉಳಿದ ತೊಂಬತ್ತಾರೂ ಅದಕ್ಕೆ ಅಂದಾಜು. ಆಣೆಯಲ್ಲೇ ಲೆಕ್ಕವಿಟ್ಟಿದ್ದರೆ ಒಂದಾಣೆಯಿಂದ ಹದಿನೈದಾಣೆಯವರೆಗೆ ಒಂದೂ ತಪ್ಪುತ್ತಿರಲಿಲ್ಲ. ಎಷ್ಟೋ ದೇಶ ಸುತ್ತಿ ಬಂದ ಆ ಯಂತ್ರಕ್ಕೆ ಸರ್ಕಾರದ ದಶಮಾಂಶ ಪದ್ಧತಿ ಅರ್ಥವಾಗುವುದಿಲ್ಲ. ನಮ್ಮ ಅಜ್ಜಿಯ ಮಾತು ಅರ್ಥವಾಗುತ್ತದೆ. ಅವರಿಬ್ಬರನ್ನೂ ಒಂದು ಮಧ್ಯಾಹ್ನ ಎದುರುಬದುರು ಕೂರಿಸಿ, ಎಲೆಯಡಿಕೆ ತಟ್ಟೆಯನ್ನು ನಡುವೆ ಇಟ್ಟು ಬಂದಿದ್ದರೆ ಸಾಕಿತ್ತು.

ಸಂಘದ ಪ್ರೋಗ್ರಾಮಿಗೆ ನಾನು ಮಾಡಿದ ಉಪಾಯ ಎಲ್ಲರೂ ಮಾಡುವಂಥದ್ದೇ. ಎರಡು ಮೊತ್ತಗಳ ನಡುವಿನ ಅಂತರ ಅರ್ಧ ಪೈಸೆಗಿಂತ ಕಡಿಮೆಯಿದ್ದರೆ ಅವೆರಡೂ ಒಂದೇ ಎಂದುಕೊ, ಎಂದು ಯಂತ್ರಕ್ಕೆ ಹೇಳಿದೆ. ಬೆಲ್ ಹೊಡೆಯಿತು. ಹೆಮ್ಮೆಯಿಂದ ಅಪ್ಪನಿಗೆ ವಿವರಿಸಿದೆ. ಅವರು ಕೇಳಿಸಿಕೊಂಡು, ಸ್ವಲ್ಪ ಹೊತ್ತು ಬಿಟ್ಟು, "ಬಾಯಿ ಮುಚ್ಚಿಸಿದೆ ಅನ್ನು" ಎಂದರು.

ಆ ಲಾಟೀನಿನ ರಾತ್ರಿ ಅವರಿಗೆ ನೆನಪಿತ್ತೋ ಇಲ್ಲವೋ. ನನ್ನ ಕಿವಿ ಮಾತ್ರ ಬಿಸಿಯಾಯಿತು. ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿದ್ದವರು ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದರು. "ಅಲ್ವೋ, ಅದಕ್ಕೆ ರೂಪಾಯಿ ಅಂತ ಯಾಕೆ ಹೇಳ್ತೀಯ? ಪೈಸೆ ಅಂತಲೇ ಹೇಳು. ಒಂದು ರೂಪಾಯಿ ಹತ್ತು ಪೈಸೆ ಅನ್ನಬೇಡ, ನೂರಾಹತ್ತು ಪೈಸೆ ಅನ್ನು. ಚುಕ್ಕಿ ಇಟ್ಟರೆ ತಾನೆ ಚೂರಾಗೋದು? ಹಿಂದೆ ನಾವು ರೂಪಾಯಿ, ಆಣೆ, ಪೈ ಅಂತ ಮೂರು ಕಲಂ ಹಾಕಿ ಬರೀತಿರಲಿಲ್ವೆ? ಯಾವುದನ್ನೂ ಮುರೀತಿರಲಿಲ್ಲ." ಕಂಪ್ಯೂಟರಿನ ಒಂದು ಗುಂಡಿಯನ್ನೂ ಒತ್ತದ ಮನುಷ್ಯ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಹೇಳಿದ ಈ ಮಾತು ದುಡ್ಡಿನ ಲೆಕ್ಕ ಬರೆಯುವ ಪ್ರೋಗ್ರಾಮರುಗಳೆಲ್ಲ ಕಲಿಯುವ ಮೊದಲ ಪಾಠ. ನಾನು ಅದನ್ನು ಪುಸ್ತಕದಲ್ಲಿ ಓದಿದ್ದು ಆಮೇಲೆ.

ಕಂಪ್ಯೂಟರು ಚೂರುಗಳನ್ನು ಹೀಗೆ ಬರೆದಿಡುವ ಪದ್ಧತಿಗೆ ಫ್ಲೋಟಿಂಗ್ ಪಾಯಿಂಟ್ ಎಂದು ಹೆಸರು, ಅಂದರೆ ತೇಲುವ ಚುಕ್ಕಿ. ಅಪ್ಪನಿಗೆ ಆ ಹೆಸರೇ ಸೇರುತ್ತಿರಲಿಲ್ಲ; ಲೆಕ್ಕದಲ್ಲಿ ಯಾವುದೂ ತೇಲಬಾರದು. ಆದರೆ ನಕ್ಷತ್ರದ ದೂರವನ್ನೂ ಪರಮಾಣುವಿನ ತೂಕವನ್ನೂ ಒಂದೇ ಅಳತೆಯ ಡಬ್ಬಿಯಲ್ಲಿ ತುಂಬಬೇಕಾದರೆ ಚುಕ್ಕಿ ತೇಲಲೇಬೇಕು. ದೊಡ್ಡ ಸಂಖ್ಯೆ ಬಂದಾಗ ಅದು ಸಣ್ಣದನ್ನು ಮರೆಯುತ್ತದೆ. ಚಿಕ್ಕ ಅಳತೆಯ ಡಬ್ಬಿಯಲ್ಲಿ ಒಂದು ಕೋಟಿ ಅರವತ್ತೇಳು ಲಕ್ಷದ ಎಪ್ಪತ್ತೇಳು ಸಾವಿರದ ಇನ್ನೂರ ಹದಿನಾರು ರೂಪಾಯಿ ತುಂಬಿ, ಅದಕ್ಕೊಂದು ರೂಪಾಯಿ ಸೇರಿಸಿ ನೋಡಿ. ಮೊತ್ತ ಮಿಸುಕುವುದಿಲ್ಲ. ಮತ್ತೊಂದು ರೂಪಾಯಿ ಹಾಕಿ, ದಿನವಿಡೀ ಒಂದೊಂದೇ ಹಾಕುತ್ತಿರಿ, ಅಷ್ಟೇ ಇರುತ್ತದೆ. ಕೆಲವು ಶ್ರೀಮಂತರನ್ನು ಕಂಡಿದ್ದ ನನಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. ಚಿಲ್ಲರೆಗಳನ್ನೆಲ್ಲ ಮೊದಲು ತಮ್ಮ ತಮ್ಮಲ್ಲೇ ಕೂಡಿಸಿ ಕೊನೆಗೆ ದೊಡ್ಡ ಮೊತ್ತಕ್ಕೆ ಸೇರಿಸಿದರೆ ಮಾತ್ರ ಅವು ಲೆಕ್ಕಕ್ಕೆ ಬರುತ್ತವೆ. ಮದುವೆ ಮನೆಯಲ್ಲಿ ಅಜ್ಜಿ ಮಕ್ಕಳ ಪಂಕ್ತಿಯನ್ನು ಮೊದಲು ಕೂರಿಸುತ್ತಿದ್ದಳು. ದೊಡ್ಡವರ ಗದ್ದಲದಲ್ಲಿ ಇವಕ್ಕೆ ಯಾರು ಬಡಿಸುತ್ತಾರೆ ಎನ್ನುತ್ತಿದ್ದಳು.

ಹೋದ ಚೂರಿಗೆ ಮರ್ಯಾದೆ ಕೊಡದಿದ್ದರೆ ಏನಾಗುತ್ತದೆಂಬುದಕ್ಕೆ ಕೆನಡಾದ ವ್ಯಾಂಕೂವರ್ ಷೇರುಪೇಟೆಯ ಕಥೆಯಿದೆ. 1982ರ ಜನವರಿಯಲ್ಲಿ ಅಲ್ಲಿ ಹೊಸ ಸೂಚ್ಯಂಕವೊಂದು 1000ದಿಂದ ಆರಂಭವಾಯಿತು. ಪ್ರತಿ ವಹಿವಾಟಾದಾಗಲೂ ಅದನ್ನು ಹೊಸದಾಗಿ ಲೆಕ್ಕ ಹಾಕಿ, ಮೂರು ದಶಮಾಂಶ ಸ್ಥಾನ ಉಳಿಸಿಕೊಂಡು, ಮಿಕ್ಕದ್ದನ್ನು ಕತ್ತರಿಸಿ ಬಿಸಾಡುತ್ತಿದ್ದರು. ನಮ್ಮ ಕಿರಾಣಿ ಅಂಗಡಿಯವರು ಚಿಲ್ಲರೆಯಿಲ್ಲವೆಂದು ಪೆಪ್ಪರ್‌ಮಿಂಟನ್ನಾದರೂ ಕೊಡುತ್ತಾರೆ, ಅವರು ಅದನ್ನೂ ಕೊಡಲಿಲ್ಲ. ದಿನಕ್ಕೆ ಸಾವಿರಾರು ಸಲ ಹೀಗೆ ಉದುರಿದ ಹೊಟ್ಟು ಇಪ್ಪತ್ತೆರಡು ತಿಂಗಳಲ್ಲಿ ಅರ್ಧ ಕಣವನ್ನೇ ನುಂಗಿತು. 1983ರ ನವೆಂಬರಿನಲ್ಲಿ ಸೂಚ್ಯಂಕ 524ರ ಆಸುಪಾಸು ತೆವಳುತ್ತಿದ್ದಾಗ ಅದು ನಿಜಕ್ಕೂ ಇರಬೇಕಾಗಿದ್ದುದು 1098. ಪೇಟೆ ಚೆನ್ನಾಗಿಯೇ ಇತ್ತು, ಕೃಶವಾಗಿದ್ದುದು ಲೆಕ್ಕ. ಇದನ್ನು ಹೇಳಿದಾಗ ಅಪ್ಪ ಬಹಳ ನಕ್ಕರು. ಅವರ ಗುಮಾಸ್ತಗಿರಿಗೆ ಅಂತರರಾಷ್ಟ್ರೀಯ ಪುಷ್ಟಿ ಸಿಕ್ಕಿದಂತಾಗಿತ್ತು.

ಇನ್ನೊಂದು ಕಥೆಯನ್ನು ಹೇಳಿದ ದಿನ ನಗಲಿಲ್ಲ. 1991ರ ಕೊಲ್ಲಿ ಯುದ್ಧದಲ್ಲಿ ಸೌದಿ ಅರೇಬಿಯದ ದಹ್ರಾನಿನಲ್ಲಿ, ಬರುವ ಕ್ಷಿಪಣಿಗಳನ್ನು ತಡೆಯಲು ಅಮೆರಿಕದವರ ಪೇಟ್ರಿಯಟ್ ಪಡೆಯಿತ್ತು. ಅದರ ಗಡಿಯಾರ ಹೊತ್ತನ್ನು ಸೆಕೆಂಡಿನ ಹತ್ತನೇ ಒಂದು ಪಾಲುಗಳಲ್ಲಿ ಎಣಿಸುತ್ತಿತ್ತು. ಮತ್ತದೇ ಹತ್ತು ಪೈಸೆ. ಇಲ್ಲಿ ಚುಕ್ಕಿ ತೇಲುತ್ತಲೂ ಇರಲಿಲ್ಲ, ಇಪ್ಪತ್ನಾಲ್ಕು ಸ್ಥಾನಗಳಿಗೆ ಕತ್ತರಿಸಿ ಕೂರಿಸಿದ್ದರು. ಒಂದೊಂದು ಎಣಿಕೆಗೂ ಕಳೆದುಹೋದದ್ದು ಸೆಕೆಂಡಿನ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ. ಯಂತ್ರವನ್ನು ಆರಿಸದೆ ನೂರು ಗಂಟೆ ಓಡಿಸಿದಾಗ ಆ ಚೂರುಗಳೆಲ್ಲ ಕೂಡಿ ಸೆಕೆಂಡಿನ ಮೂರನೇ ಒಂದು ಪಾಲಾದವು. ಅಷ್ಟು ಹೊತ್ತಿನಲ್ಲಿ ಇರಾಕಿನ ಸ್ಕಡ್ ಕ್ಷಿಪಣಿ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಿರುತ್ತದೆ. ಫೆಬ್ರವರಿ 25ರಂದು ಪೇಟ್ರಿಯಟ್ ಆಕಾಶದ ತಪ್ಪು ಜಾಗದಲ್ಲಿ ಹುಡುಕಿ, ಏನೂ ಇಲ್ಲವೆಂದು ಸುಮ್ಮನಾಯಿತು. ಸೈನಿಕರು ತಂಗಿದ್ದ ಕಟ್ಟಡದ ಮೇಲೆ ಸ್ಕಡ್ ಬಿದ್ದು ಇಪ್ಪತ್ತೆಂಟು ಜನ ಸತ್ತರು. ತಿದ್ದಿದ ಪ್ರೋಗ್ರಾಂ ಅಲ್ಲಿಗೆ ಬಂದು ತಲುಪಿದ್ದು ಮಾರನೆಯ ದಿನ.

ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಮಾರನೇ ದಿನ" ಎಂದರು. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಕಾಲು ತೊಳೆದುಕೊಂಡು ಬಂದರು.

ಕಳೆದುಹೋಗುವ ಚೂರುಗಳ ಬಗ್ಗೆ ಜಗತ್ತಿನಲ್ಲಿ ಬಹಳ ತಲೆಕೆಡಿಸಿಕೊಂಡವರು ಕೆನಡಾದಲ್ಲಿ ಹುಟ್ಟಿ ಬರ್ಕಲಿಯಲ್ಲಿ ಪಾಠ ಹೇಳಿದ ವಿಲಿಯಂ ಕಹಾನ್. ಆ 1985ರ ನಿಯಮಾವಳಿಯ ಹಿಂದಿನ ದೊಡ್ಡ ತಲೆ ಅವರದೇ. 1989ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂತು. ಅದಕ್ಕೂ ಬಹಳ ಹಿಂದೆ, 1965ರಲ್ಲಿ, ಅವರೊಂದು ಪುಟ್ಟ ಉಪಾಯ ಹೇಳಿದ್ದರು. ಉದ್ದನೆಯ ಸಾಲನ್ನು ಕೂಡುವಾಗ ಪ್ರತಿ ಹೆಜ್ಜೆಯಲ್ಲೂ ಉದುರುವ ಚೂರನ್ನು ಬಿಸಾಡಬೇಡ, ಪಕ್ಕದ ಇನ್ನೊಂದು ಡಬ್ಬಿಯಲ್ಲಿ ಹಾಕಿಡು, ಮುಂದಿನ ಸಂಖ್ಯೆ ಬಂದಾಗ ಅದಕ್ಕೆ ಸೇರಿಸಿ ಕಳಿಸು. ಅಷ್ಟೆ. ಅದನ್ನು ಓದಿದ ರಾತ್ರಿ ನನ್ನ ಕಣ್ಣಿಗೆ ಕಟ್ಟಿದ್ದು ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿದ್ದ ಸಾಸಿವೆ ಡಬ್ಬಿ. ಅಜ್ಜಿ ಸಂತೆಯಿಂದ ಬಂದವಳೇ ಉಳಿದ ಚಿಲ್ಲರೆಯನ್ನು ಅದರೊಳಗೆ ಹಾಕುತ್ತಿದ್ದಳು. ನಮಗೆ ಸಿಕ್ಕುತ್ತಿದ್ದ ಕಾಸಿಗೆಲ್ಲ ಸಾಸಿವೆಯ ಘಾಟು ಇರುತ್ತಿತ್ತು. ಜಾತ್ರೆಯಲ್ಲಿ ಪೀಪಿ ಮಾರುವವನು ಅದನ್ನು ಮೂಗಿಗೆ ಹಿಡಿದು ನಮ್ಮ ಮುಖ ನೋಡುತ್ತಿದ್ದ.

ಅಪ್ಪ ಹೋದದ್ದು 2004ರಲ್ಲಿ. ನಿವೃತ್ತಿಯ ನಂತರ ಸಂಘದ ಕಿರ್ದಿ ಇಲ್ಲವಾದ್ದರಿಂದ ಮನೆಯ ಕಿರ್ದಿ ಬರೆಯಲು ಶುರುಮಾಡಿದ್ದರು. ಹಾಲು, ಸೊಪ್ಪು, ಅಮ್ಮನ ಮಾತ್ರೆ, ನಾನು ಊರಿಗೆ ಬಂದ ದಿನ 'ಚಿ. ಮಗನ ಬಾಬ್ತು ಬಾಳೆಹಣ್ಣು'. ಎಲ್ಲಕ್ಕೂ ತಾರೀಖು, ಪ್ರತಿ ರಾತ್ರಿ ಶಿಲ್ಕು, ಪಕ್ಕದಲ್ಲಿ ಕೆಂಪು ಪೆನ್ಸಿಲಿನ ಸಣ್ಣ ಟಿಕ್ಕು. ಕೊನೆಯ ಪುಟದಲ್ಲಿ ಟಿಕ್ಕಿರಲಿಲ್ಲ. ಆ ಜಾಗದಲ್ಲಿ, ಕೊಂಚ ನಡುಗಿದ ಅಕ್ಷರದಲ್ಲಿ ಹೀಗಿತ್ತು: 'ವ್ಯತ್ಯಾಸ 0.25. ನೋಡಬೇಕು.'

ನಾಕಾಣೆ. ಯಂತ್ರಕ್ಕೆ ಒಂದು ಚೂರೂ ಉದುರದೆ ದಕ್ಕುವ ಮೂರರಲ್ಲಿ ಒಂದು. ಹಾಗಾಗಿ ಅದರ ಮೇಲೆ ತಪ್ಪು ಹೊರಿಸುವಂತಿಲ್ಲ.

2011ರ ಜೂನ್ 30ಕ್ಕೆ ನಾಕಾಣೆಯ ಚಲಾವಣೆಯೂ ನಿಂತಿತು. ವ್ಯತ್ಯಾಸ ಸಿಕ್ಕಿದರೂ ಇನ್ನು ಅದನ್ನು ತುಂಬಿಕೊಡುವ ನಾಣ್ಯವಿಲ್ಲ. ಸಾಸಿವೆ ಡಬ್ಬಿಯಲ್ಲಿ ಮೂರೋ ನಾಲ್ಕೋ ಇವೆ, ಇರಲಿ ಎಂದು ಬಿಟ್ಟಿದ್ದೇನೆ. ಪುಸ್ತಕವನ್ನು ಕಂಪ್ಯೂಟರಿಗೆ ಹಾಕಿ ನಿಮಿಷದಲ್ಲಿ ಕೂಡಿಸಬಹುದಲ್ಲ ಎಂದು ಮಗಳು ಹೇಳುತ್ತಾಳೆ. ಹೌದು, ಕೂಡಿಸಬಹುದು. ಕೆಲವು ಭಾನುವಾರ ಮಧ್ಯಾಹ್ನ ಪೆನ್ಸಿಲ್ ಹಿಡಿದು ಕೊನೆಯ ಪುಟದಿಂದ ಮೊದಲ ಪುಟದ ಕಡೆಗೆ, ಕೆಳಗಿನಿಂದ ಮೇಲಕ್ಕೆ ಕೂಡುತ್ತ ಹೋಗುತ್ತೇನೆ. ಹನ್ನೊಂದನೆಯ ಪುಟದಲ್ಲಿ, ಹಾಲಿನ ಬಾಬ್ತಿನ ಎದುರು ಒಂದು ಕಂದು ಕಲೆಯಿದೆ. ಅದರಡಿಯಲ್ಲಿರುವುದು ಎರಡೋ ಏಳೋ, ಅಥವಾ ಅದು ಅಪ್ಪನ ಲೋಟದಿಂದ ತೊಟ್ಟಿಕ್ಕಿದ ಬರೀ ಕಾಫಿಯೋ, ಬಿಸಿಲಿಗೆ ಹಿಡಿದು ನೋಡಿದರೂ ಗೊತ್ತಾಗುತ್ತಿಲ್ಲ.